ತಿರುಚ್ಚಿಯ ಸೀಟು ಬಿಟ್ಟು ಹುಬ್ಬಳ್ಳಿಗೆ ಬಂದದ್ದು

2025ರ ಬೇಸಿಗೆಯಲ್ಲಿ ಕಾನೂನು ಓದಲು ನನ್ನ ಮುಂದೆ ಮೂರು ದಾರಿ ಇದ್ದವು. ಒಂದು, ತಿರುಚ್ಚಿ ಅಂತ ಕರೆಯುವ ತಿರುಚಿರಾಪಳ್ಳಿಯಲ್ಲಿರುವ ತಮಿಳುನಾಡು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ. ಇನ್ನೊಂದು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯ. ಮೂರನೆಯದು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸ್ವಂತ ಕಾಲೇಜು. ಮೂರರಲ್ಲೂ ಐದು ವರ್ಷದ ಬಿ.ಎ. ಎಲ್‌ಎಲ್.ಬಿ. ನಾನು ಹುಬ್ಬಳ್ಳಿ ಆರಿಸಿಕೊಂಡೆ.

"ಕ್ಲಾಟ್ ಬರೆದು ಸೀಟು ತಗೊಂಡು ಆಮೇಲೆ ಯಾಕೆ ಬಿಟ್ಟೆ?" ಅಂತ ನೆಂಟರು ಈಗಲೂ ಕೇಳುತ್ತಾರೆ. ಕ್ಲಾಟ್ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ನಮ್ಮ ಕಡೆಯ ಪಿಯುಸಿ ಮಕ್ಕಳೂ ಕೇಳುತ್ತಾರೆ. ನೆಂಟರಿಗೆ ಎರಡು ಮಾತಿನಲ್ಲಿ ಉತ್ತರ ಕೊಡಬಹುದು. ಪಿಯುಸಿ ಮಕ್ಕಳಿಗೆ ಹಾಗೆ ಹೇಳಿ ಕಳಿಸಲು ಆಗುವುದಿಲ್ಲ, ಯಾಕೆಂದರೆ ಅವರೂ ನಾಳೆ ಇದೇ ಲೆಕ್ಕ ಹಾಕಬೇಕು. ಅವರಿಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮದು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರ್ಕೆಟ್‌ನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವ್ವ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ತಮ್ಮ ಹೈಸ್ಕೂಲಿನಲ್ಲಿದ್ದಾನೆ. ಕಾನೂನು ಓದಬೇಕು ಅನ್ನಿಸಿದ್ದಕ್ಕೆ ಕಾರಣ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ ಜನ. ಅಪ್ಪನಿಗೆ ಇಂಗ್ಲಿಷ್ ಸ್ವಲ್ಪ ಓದಲು ಬರುತ್ತದೆ. ಹಾಗಾಗಿ ಅಂಚೆಯಲ್ಲಿ ಬಂದ ವಕೀಲರ ನೋಟಿಸ್ ಹಿಡಿದುಕೊಂಡು ಸುತ್ತಲ ಹಳ್ಳಿಯವರು ಬರುತ್ತಿದ್ದರು. ಚೆಕ್ ಬೌನ್ಸ್ ಆದ ನೋಟಿಸುಗಳೇ ಜಾಸ್ತಿ. ನೋಟಿಸ್ ಕೈಗೆ ಬಂದ ಹದಿನೈದು ದಿನದೊಳಗೆ ಹಣ ಕೊಡದಿದ್ದರೆ ಕೇಸ್ ಹಾಕುವ ದಾರಿ ತೆರೆಯುತ್ತದೆ. ಇವರು ಅದನ್ನು ಓದಿಸಿಕೊಳ್ಳಲು ಬರುವ ಹೊತ್ತಿಗೆ ಎಷ್ಟೋ ಸಲ ಆ ಹದಿನೈದು ದಿನ ಮುಗಿದೇ ಹೋಗಿರುತ್ತಿತ್ತು. ನೋಟಿಸ್ ಇಂಗ್ಲಿಷ್‌ನಲ್ಲಿ ಇರುತ್ತಿತ್ತು, ಅದಕ್ಕೆ. ಇಷ್ಟು ಸಣ್ಣ ಕಾರಣಕ್ಕೆ ಒಬ್ಬ ಮನುಷ್ಯ ಕೋರ್ಟು ಹತ್ತಬೇಕಾ ಅಂತ ನನಗೆ ಆಗಲೇ ಸಿಟ್ಟು ಬರುತ್ತಿತ್ತು. ನಾನು ವಕೀಲೆ ಆದರೆ ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನ ಕೋರ್ಟುಗಳಲ್ಲೇ ನಿಲ್ಲಬೇಕು ಅನ್ನುವುದು ಪಿಯುಸಿ ಸೇರುವಾಗಲೇ ತಲೆಯಲ್ಲಿ ಕೂತಿತ್ತು.

ಕ್ಲಾಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರ ತಯಾರಿಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. 120 ಪ್ರಶ್ನೆ, 120 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಲ್ಲಾ ಇಂಗ್ಲಿಷ್‌ನಲ್ಲೇ. ಉದ್ದುದ್ದ ಪ್ಯಾರಾ ಓದಿ ಉತ್ತರ ಕೊಡಬೇಕು. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟ ಬರುವುದು ಕಾನೂನಿನ ಪ್ರಶ್ನೆಯಲ್ಲಲ್ಲ, ಓದುವ ವೇಗದಲ್ಲಿ. ನಾನು ದಿನಾ ಒಂದು ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದಿ, ಅದರ ಸಾರ ನಾಲ್ಕು ಸಾಲಿನಲ್ಲಿ ಬರೆಯುತ್ತಿದ್ದೆ. ನನಗೆ ಕೆಲಸಕ್ಕೆ ಬಂದದ್ದು ಅದೊಂದೇ. 2024ರ ಡಿಸೆಂಬರ್ 1ರಂದು ಬೆಂಗಳೂರಿನಲ್ಲಿ ಪರೀಕ್ಷೆ ಬರೆದೆ. ಡಿಸೆಂಬರ್ 7ಕ್ಕೆ ಫಲಿತಾಂಶ. ಎರಡು ಸಾವಿರದ ಆಸುಪಾಸಿನ ರ‍್ಯಾಂಕ್.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ನೂರಕ್ಕೆ 25ರಷ್ಟು ಸೀಟು ಇದೆ. ಪ್ರತಿ ವರ್ಗದ ಒಳಗೇ ಆ 25 ಇರುತ್ತದೆ. ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ನಮ್ಮ ತಾಲ್ಲೂಕಿನ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ. ದೇಶದ ಮೊದಲ ರಾಷ್ಟ್ರೀಯ ಕಾನೂನು ಶಾಲೆ ನಮ್ಮ ರಾಜ್ಯದಲ್ಲೇ ಇದೆ, ನಮಗೆ ಅಂತ ಒಂದು ಪಾಲೂ ಇದೆ, ಆದರೆ ಅರ್ಜಿ ಹಾಕಬೇಕು ಅನ್ನುವ ಯೋಚನೆಯೇ ನಮ್ಮ ಕಡೆ ಬರುವುದಿಲ್ಲ. ನನ್ನ ರ‍್ಯಾಂಕಿಗೆ ಅಲ್ಲಿ ಸೀಟು ದೂರವೇ ಇತ್ತು. ನಮ್ಮದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ. ಆದರೆ ನಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿಲ್ಲ. ಹಾಗಾಗಿ ಕ್ಲಾಟ್‌ನಲ್ಲಿ ನಾನು ಸಾಮಾನ್ಯ ವರ್ಗ. ನಾಡಕಚೇರಿಯ ಪ್ರಮಾಣಪತ್ರ ಇದೆ ಅಂದ ಮಾತ್ರಕ್ಕೆ ಬೇರೆ ರಾಜ್ಯದ ಕಾಲೇಜಿನಲ್ಲಿ ಅದು ನಡೆಯುವುದಿಲ್ಲ. ಅರ್ಜಿ ತುಂಬುವ ಮೊದಲೇ ಇದನ್ನು ನೋಡಿಕೊಂಡರೆ ಆಸೆ ಇಟ್ಟುಕೊಂಡು ಆಮೇಲೆ ಬೇಜಾರಾಗುವುದು ತಪ್ಪುತ್ತದೆ.

ಕೌನ್ಸೆಲಿಂಗ್‌ಗೆ ನೋಂದಣಿ ಮಾಡಿಸಲು 30,000 ರೂಪಾಯಿ. ಮೀಸಲು ವರ್ಗದವರಿಗೆ 20,000. ಅಪ್ಪ ಅಂಗಡಿಯ ಮಾಲೀಕರ ಹತ್ತಿರ ಮುಂಗಡ ತಂದು ಕಟ್ಟಿದರು. ಸೀಟು ಬಂದಾಗ ಮೂರು ಆಯ್ಕೆ ಇರುತ್ತದೆ. ಫ್ರೀಜ್ ಅಂದರೆ ಇದೇ ಸೀಟು ಸಾಕು. ಫ್ಲೋಟ್ ಅಂದರೆ ಇದನ್ನು ಹಿಡಿದುಕೊಂಡೇ ಇನ್ನೂ ಮೇಲಿನ ಆಯ್ಕೆಗೆ ಕಾಯುವುದು. ಎಕ್ಸಿಟ್ ಅಂದರೆ ಪೂರ್ತಿ ಹೊರಗೆ. ಯಾವ ಹಂತದಲ್ಲಿ ಹೊರಬಂದರೆ ಎಷ್ಟು ಹಣ ವಾಪಸ್ ಅನ್ನುವುದು ಆ ವರ್ಷದ ಸೂಚನೆಯಲ್ಲಿ ಬರೆದಿರುತ್ತದೆ. ಹಣ ಕಟ್ಟುವ ಮುಂಚೆ ಅದನ್ನು ಮನೆಯ ಹಿರಿಯರ ಜೊತೆ ಕೂತು ಓದಿ.

ಆ ವರ್ಷ ಪಟ್ಟಿ ಬೇಗ ಬರಲಿಲ್ಲ. ಉತ್ತರ ಸೂಚಿಯಲ್ಲಿ ತಪ್ಪುಗಳಿವೆ ಅಂತ ಬೇರೆ ಬೇರೆ ಹೈಕೋರ್ಟುಗಳಿಗೆ ಅರ್ಜಿ ಹೋಗಿದ್ದವು. ಸುಪ್ರೀಂ ಕೋರ್ಟು ಎಲ್ಲವನ್ನೂ ದೆಹಲಿ ಹೈಕೋರ್ಟಿಗೆ ಕಳಿಸಿತು. ಏಪ್ರಿಲ್ 23ಕ್ಕೆ ಅಲ್ಲಿ ತೀರ್ಪು ಬಂತು. ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮೇ 7ಕ್ಕೆ ಕೊನೆಯ ತೀರ್ಪು. ಈ ಮಧ್ಯೆ ಮಾರ್ಚ್ 1ರಿಂದ 20ರ ತನಕ ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ನಡೆದು, ಏಪ್ರಿಲ್ 8ಕ್ಕೆ ಫಲಿತಾಂಶವೂ ಬಂದಿತ್ತು. ಅಂದರೆ ಡಿಸೆಂಬರಿನಿಂದ ಮೇ ತನಕ ಯಾವ ಕಾಲೇಜು ಅನ್ನುವುದು ಗೊತ್ತಿಲ್ಲದೆ ಕೂತಿದ್ದೆವು. ಕಾನೂನು ಓದಲು ಹೊರಟವಳಿಗೆ ಕಾನೂನಿನ ಮೊದಲ ಪಾಠ ಅದೇ ಆಯಿತು. ಒಂದು ತಡೆಯಾಜ್ಞೆ ಅಂದರೆ ಸಾವಿರಾರು ಮನೆಗಳಲ್ಲಿ ಏನೇನು ನಿಂತುಹೋಗುತ್ತದೆ ಅನ್ನುವುದು ನನಗೆ ಪುಸ್ತಕದಿಂದ ಗೊತ್ತಾಗಲಿಲ್ಲ.

ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದ ಪತ್ರ ಬಂದದ್ದು ಈ ಕಾಯುವ ಕಾಲದಲ್ಲೇ. ಅವರದೇ ಸಂದರ್ಶನ ಇತ್ತು, ಮುಗಿಸಿದ್ದೆ. ಪತ್ರ ಬಂದ ದಿನದಿಂದ ಫೋನ್ ಶುರುವಾಯಿತು. ಸೀಟು ಹಿಡಿದಿಡಲು ಇಷ್ಟು ಕಟ್ಟಿ, ಈ ವಾರ ಕಟ್ಟಿದರೆ ಸ್ಕಾಲರ್‌ಶಿಪ್ ಸಿಗುತ್ತೆ, ಮುಂದಿನ ವಾರ ಸಿಗಲ್ಲ. ಪ್ರತಿ ಸಲ ಬೇರೆ ಬೇರೆ ದನಿ. ಸ್ಕಾಲರ್‌ಶಿಪ್ ಎರಡನೇ ವರ್ಷಕ್ಕೂ ಇರುತ್ತಾ ಅಂತ ಕೇಳಿದರೆ ನೇರ ಉತ್ತರ ಬರಲಿಲ್ಲ. ಕೊನೆಗೆ ಬರವಣಿಗೆಯಲ್ಲಿ ಕೊಡಿ ಅಂದೆ. ಬಂದ ಇಮೇಲ್ ಓದಿದರೆ ಅದು ಮೊದಲ ವರ್ಷದ್ದು ಮಾತ್ರ. ಆಮೇಲಿನದು ಅಂಕದ ಮೇಲೆ. ನಮ್ಮ ಕಾಕಾಗೆ ಮಾತ್ರ ಆ ಕಾಲೇಜೇ ಬೇಕಿತ್ತು. "ಬೆಂಗಳೂರಾಗ ಇದ್ರ ಹೈಕೋರ್ಟ್ ಐತಿ, ದೊಡ್ಡ ದೊಡ್ಡ ಕಂಪನಿ ಅದಾವು, ಮತ್ತೇನ್ ಬೇಕು ನಿನಗ?" ಅಂದರು. ಅಪ್ಪ ಐದು ವರ್ಷದ ಫೀ ಕೂಡಿಸಿ ಒಂದು ಚೀಟಿಯಲ್ಲಿ ಬರೆದು ಕಾಕಾನ ಕೈಗೆ ಕೊಟ್ಟರು. ಆ ಮಾತು ಅಲ್ಲಿಗೆ ಮುಗಿಯಿತು.

ಪಿಯುಸಿ ಪರೀಕ್ಷೆ ಮುಗಿದ ಮೇಲೆ ಕೋರ್ಟುಗಳ ಬೇಸಿಗೆ ರಜೆ ಶುರುವಾಗುವ ತನಕ ನಾನು ಬ್ಯಾಡಗಿಯ ಕೋರ್ಟಿಗೆ ಹೋಗಿ ಕೂರುತ್ತಿದ್ದೆ. ಕಾಲೇಜು ಆರಿಸುವುದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಆದದ್ದು ಇದೇ. ಕೋರ್ಟಿನ ಕಲಾಪ ಯಾರು ಬೇಕಾದರೂ ನೋಡಬಹುದು. ಯಾರ ಅನುಮತಿಯೂ ಬೇಕಿಲ್ಲ. ಮೊಬೈಲ್ ಸದ್ದು ಬರಬಾರದು, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಬೇಕು, ಅಷ್ಟೇ. ಹೆಣ್ಣುಮಕ್ಕಳು ಹೋದರೆ ಏನಾದರೂ ಅಂದಾರು ಅಂತ ಅವ್ವ ಹೆದರಿದ್ದಳು. ಮೊದಲ ದಿನ ಅಪ್ಪನೇ ಜೊತೆಗೆ ಬಂದರು. ಅವರಿಗೆ ಪರಿಚಯದ ಹಿರಿಯ ವಕೀಲರೊಬ್ಬರಿಗೆ ನನ್ನನ್ನು ತೋರಿಸಿ, "ಸರ, ಮಗಳು ವಕೀಲಿ ಓದ್ತಾಳಂತ, ನೋಡ್ಲಿ" ಅಂದು ಹೋದರು.

ಅಲ್ಲಿ ಒಂದು ಪಾಲು ವಿಭಾಗದ ದಾವೆ ನಡೆದಿತ್ತು. ಅಣ್ಣತಮ್ಮಂದಿರ ಹೊಲದ ಜಗಳ. ಸಾಕ್ಷಿ ಕಟ್ಟೆಯಲ್ಲಿ ಒಬ್ಬ ಅಜ್ಜಿ. ಎದುರು ಪಕ್ಷದ ವಕೀಲರು ಪಾಟೀಸವಾಲು ಮಾಡುತ್ತಿದ್ದರು. ಅಜ್ಜಿ ವರ್ಷ, ತಾರೀಖು ಹೇಳುವುದಿಲ್ಲ. "ದೊಡ್ಡ ಮಳಿ ಆದ ವರ್ಷ", "ನಮ್ಮ ಎತ್ತು ಸತ್ತ ಮ್ಯಾಲ" ಅನ್ನುತ್ತಾಳೆ. ಬದು ಎಲ್ಲಿತ್ತು ಅಂದರೆ ಬೇವಿನ ಗಿಡದ ಹೆಸರು ಹೇಳುತ್ತಾಳೆ. ವಕೀಲರು ಒಂದು ಸಲವೂ ಆಕೆಯ ಮಾತು ತಡೆಯಲಿಲ್ಲ. ಆ ಎತ್ತು, ಆ ಗಿಡ, ಆ ಮಳೆ ಎಲ್ಲವನ್ನೂ ಇಟ್ಟುಕೊಂಡು ನಿಧಾನಕ್ಕೆ ಪಹಣಿಯಲ್ಲಿದ್ದ ವರ್ಷಕ್ಕೆ ತಂದು ಮುಟ್ಟಿಸಿದರು. ನ್ಯಾಯಾಧೀಶರು ಒಂದೊಂದು ಉತ್ತರವನ್ನೂ ಕನ್ನಡದಲ್ಲಿ ಹೇಳಿ ಬರೆಸುತ್ತಿದ್ದರು. ನಾನು ಅವತ್ತು ಊಟಕ್ಕೂ ಮನೆಗೆ ಹೋಗಲಿಲ್ಲ. ನನಗೆ ಬೇಕಾದ ಕೆಲಸ ಯಾವುದು ಅನ್ನುವುದರಲ್ಲಿ ಆಮೇಲೆ ಯಾವತ್ತೂ ಅನುಮಾನ ಬಂದಿಲ್ಲ. ಪ್ರಶ್ನೆ ಕೇಳುವ ಆ ಕೈಚಳಕ ಬೇಕು ಅಂದರೆ ಸಾಕ್ಷಿಯ ಮಾತು ಮೊದಲು ಕಿವಿಗೆ ಬೀಳಬೇಕು, ಅಲ್ವಾ?

ಬಿಡುವಿನಲ್ಲಿ ಆ ಹಿರಿಯ ವಕೀಲರು ಚಹಾ ಕುಡಿಸುತ್ತಾ ಬಹಳ ಹೇಳಿಕೊಡುತ್ತಿದ್ದರು. ಅವರು ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲಿ ಓದಿದವರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಹಳೆಯ ಐಪಿಸಿ ಹೋಗಿತ್ತು. ಅವರ ಮೇಜಿನ ಮೇಲೆ ಹಳೆಯ ಪುಸ್ತಕ, ಹೊಸ ಪುಸ್ತಕ ಎರಡೂ ಇರುತ್ತಿದ್ದವು. ಹಳೆಯ ಕೇಸಿಗೆ ಹಳೆಯ ಕಲಂ, ಹೊಸ ಕೇಸಿಗೆ ಹೊಸದು. "ನೀ ಹೊಸದನ್ನ ಮೊದಲಿಂದ ಕಲೀತಿ, ನಮಗ ಈ ವಯಸ್ಸಿನಾಗ ಮತ್ತ ಪಾಠ" ಅನ್ನುತ್ತಿದ್ದರು.

ತೀರ್ಪಿನ ನಂತರ ಪರಿಷ್ಕೃತ ಫಲಿತಾಂಶ ಬಂತು, ಅದರ ಹಿಂದೆ ಸೀಟಿನ ಪಟ್ಟಿಗಳು ಬಂದವು. ನನಗೆ ತಿರುಚ್ಚಿ ಸಿಕ್ಕಿತು. ಮನೆಯಲ್ಲಿ ಅವ್ವ ಹೋಳಿಗೆ ಮಾಡಿದಳು. ಖುಷಿ ನನಗೂ ಆಯಿತು, ಸುಳ್ಳು ಹೇಳುವುದಿಲ್ಲ. ಅಲ್ಲಿ ಓದುತ್ತಿದ್ದ ಮೈಸೂರು ಕಡೆಯ ಅಕ್ಕ ಒಬ್ಬರ ನಂಬರ್ ಸಿಕ್ಕಿತು. ಬಹಳ ಹೊತ್ತು ಮಾತಾಡಿದರು. ಗ್ರಂಥಾಲಯ, ಮೂಟ್ ಕೋರ್ಟ್ (ವಿದ್ಯಾರ್ಥಿಗಳು ವಾದ ಮಾಡುವ ಅಣಕು ಕೋರ್ಟು), ಜೊತೆಗೆ ಓದುವ ಹುಡುಗರ ಚುರುಕು, ಎಲ್ಲಾ ಹೇಳಿದರು. ಬೆಂಗಳೂರಿನಿಂದ ತಿರುಚ್ಚಿಗೆ ನೇರ ರೈಲು ಇದೆ, ಊರಿಗೆ ಬಂದು ಹೋಗುವುದು ಕಷ್ಟ ಇಲ್ಲ ಅಂದರು. ನಾನು ಒಂದು ಪ್ರಶ್ನೆ ಕೇಳಿದೆ. "ಅಕ್ಕಾ, ನೀವು ಅಲ್ಲಿನ ಕೆಳಗಿನ ಕೋರ್ಟಿಗೆ ಹೋಗಿ ಕೂತಿದ್ದೀರಾ?" ಅವರು ಹೇಳಿದರು, "ಹೋಗಿದ್ದೆ. ಸಾಕ್ಷಿ ಎಲ್ಲಾ ತಮಿಳಲ್ಲಿ ನಡೆಯುತ್ತೆ. ನನಗೆ ಅರ್ಥ ಆಗಲಿಲ್ಲ. ನಾವೆಲ್ಲ ಇಂಟರ್ನ್‌ಶಿಪ್‌ಗೆ ಚೆನ್ನೈನ ವಕೀಲರ ಫರ್ಮುಗಳಿಗೋ ಹೈಕೋರ್ಟಿನ ಮಧುರೈ ಪೀಠಕ್ಕೋ ಹೋಗ್ತೀವಿ, ಅಲ್ಲಿ ಇಂಗ್ಲಿಷ್ ನಡೆಯುತ್ತೆ."

ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮದ ಪ್ರಕಾರ ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಅದು ರಜೆಯ ಕೆಲಸ. ಆದರೆ ಶನಿವಾರ ಮಧ್ಯಾಹ್ನ, ತರಗತಿ ಇಲ್ಲದ ದಿನ, ಸುಮ್ನೆ ಹೋಗಿ ಕೂತು ನೋಡುವ ಕೋರ್ಟು ಅಂತ ಒಂದು ಇರುತ್ತದೆ. ಅದು ನಾವು ಓದುವ ಊರಿನದೇ ಆಗಿರುತ್ತದೆ. ತಮಿಳು ಕಲಿಯಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕೊನೆಗೆ ನಿಲ್ಲಬೇಕಾದ ಜಾಗ ಬ್ಯಾಡಗಿಯ ಆ ಅಜ್ಜಿಯ ಎದುರು.

ಇದೇ ಹೊತ್ತಿಗೆ ಇನ್ನೊಂದು ತೀರ್ಪು ಬಂತು. 2025ರ ಮೇ 20ಕ್ಕೆ ಸುಪ್ರೀಂ ಕೋರ್ಟು ಹೇಳಿತು, ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಇನ್ನು ಮುಂದೆ ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕು. ಅಲ್ಲಿಯ ತನಕ ಪದವಿ ಮುಗಿದ ಕೂಡಲೇ ಬರೆಯಬಹುದಿತ್ತು. ಅಪ್ಪನ ಮನಸ್ಸಿನಲ್ಲಿ ನಾನು ಜಡ್ಜ್ ಆಗಬೇಕು ಅಂತ ಒಂದು ಆಸೆ ಇತ್ತು. ಅವರು ಬಾಯಿಬಿಟ್ಟು ಹೇಳಿರಲಿಲ್ಲ, ನನಗೆ ಗೊತ್ತಿತ್ತು. ತೀರ್ಪು ಒಳ್ಳೆಯದೇ ಅನ್ನುವುದು ನನ್ನ ಅಭಿಪ್ರಾಯ. ಕೋರ್ಟಿನಲ್ಲಿ ಒಂದು ದಿನವೂ ಕಕ್ಷಿದಾರರ ಪರ ನಿಲ್ಲದವರು ಮೇಲೆ ಕೂತು ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಆ ಮೂರು ವರ್ಷ ಯಾರ ದುಡ್ಡಿನಲ್ಲಿ ಬದುಕುವುದು? ಅಪ್ಪನ ಲೆಕ್ಕ ಅವತ್ತು ರಾತ್ರಿ ಬದಲಾಯಿತು.

ಜೂನಿಯರ್ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಆದರೂ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಕಳಿಸಿತ್ತು. ಅದು ಶಿಫಾರಸು, ಕಡ್ಡಾಯ ಅಲ್ಲ. ತಾಲ್ಲೂಕಿನಲ್ಲಿ ಎಷ್ಟು ಸಿಗುತ್ತೆ ಅಂತ ನಮ್ಮ ಹಿರಿಯ ವಕೀಲರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ. ಮೊದಲ ವರ್ಷ ಪೆಟ್ರೋಲಿಗೆ, ಊಟಕ್ಕೆ ಆಗುವಷ್ಟು. ಎರಡನೇ ವರ್ಷ ಒಂದೊಂದು ಸಣ್ಣ ಕೇಸು. ಮೂರನೇ ವರ್ಷಕ್ಕೆ ಜನ ಗುರುತಿಸುತ್ತಾರೆ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಮತ್ತು ಪಂಗಡದ ಕಾನೂನು ಪದವೀಧರರಿಗೆ ನಮ್ಮ ಸರ್ಕಾರದ ಇಲಾಖೆಗಳಿಂದ ತರಬೇತಿ ಭತ್ಯೆ ಇದೆ. ಅದನ್ನು ಕೇಳಿ ಪಡೆಯುವವರು ಕಡಿಮೆ ಅಂತಲೂ ಹೇಳಿದರು.

ಅಪ್ಪ, ನಾನು ಬ್ಯಾಂಕಿಗೆ ಹೋದೆವು. ತಿರುಚ್ಚಿಯ ಫೀ, ಹಾಸ್ಟೆಲ್, ಊಟ, ಓಡಾಟ, ಲ್ಯಾಪ್‌ಟಾಪ್, ಇಂಟರ್ನ್‌ಶಿಪ್‌ಗೆ ಬೇರೆ ಊರಲ್ಲಿ ಉಳಿಯುವ ಖರ್ಚು ಎಲ್ಲಾ ಕೂಡಿಸಿದರೆ ನಮ್ಮ ಲೆಕ್ಕದಲ್ಲಿ ಐದು ವರ್ಷಕ್ಕೆ 14 ಲಕ್ಷ ದಾಟುತ್ತಿತ್ತು. 12 ಲಕ್ಷ ಸಾಲ ಬೇಕು. ಶಿಕ್ಷಣ ಸಾಲದ ಸಾಮಾನ್ಯ ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಸರ್ಕಾರದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ 10 ಲಕ್ಷದ ತನಕದ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3ರಷ್ಟು ರಿಯಾಯಿತಿ. ನೀವು ಸೇರುವ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿಸಿ. ಮ್ಯಾನೇಜರ್ ಒಳ್ಳೆಯವರು, ತಾಳ್ಮೆಯಿಂದ ಎಲ್ಲಾ ತೋರಿಸಿದರು.

ಅಡ ಇಲ್ಲದೆ ಸಿಗಲಿ, ಇಟ್ಟು ಸಿಗಲಿ, ಕಂತು ಕಟ್ಟುವುದು ಮಾತ್ರ ತಪ್ಪುವುದಿಲ್ಲ. ಓದು ಮುಗಿದು ಒಂದು ವರ್ಷದ ತನಕ ಬಿಡುವು ಇರುತ್ತದೆ. ಅಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ. ನೂರಕ್ಕೆ ಹತ್ತರ ಬಡ್ಡಿ ಹಿಡಿದು, ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 17 ರಿಂದ 18 ಸಾವಿರ. ಅದು ಶುರುವಾಗುವುದು ನಾನು ವಕೀಲಿ ಶುರು ಮಾಡಿದ ಎರಡನೇ ವರ್ಷ. ಕೈಗೆ ಒಂದೊಂದು ಸಣ್ಣ ಕೇಸು ಮಾತ್ರ ಬರುವ ಹೊತ್ತಿಗೆ.

ಆ ಸಂಖ್ಯೆ ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸಾಲ ತೆಗೆದರೆ ನಾನು ಬ್ಯಾಡಗಿಗೆ ವಾಪಸ್ ಬರಲು ಆಗುವುದಿಲ್ಲ. ಬೆಂಗಳೂರೋ ಮುಂಬೈಯೋ, ಒಂದು ದೊಡ್ಡ ಫರ್ಮಿಗೆ ಸೇರಲೇಬೇಕು. ಕಂಪನಿಗಳ ಒಪ್ಪಂದ ಓದುವ ಕೆಲಸ. ಅದು ಕೀಳು ಕೆಲಸ ಅಲ್ಲ, ಅದನ್ನೇ ಬಯಸುವವರು ಧೈರ್ಯವಾಗಿ ಸಾಲ ಮಾಡಬೇಕು. ಅವರಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳೇ ಸರಿ, ಯಾಕೆಂದರೆ ಆ ಫರ್ಮುಗಳು ಕ್ಯಾಂಪಸ್ಸಿಗೆ ಬರುವುದು ಹೆಚ್ಚಾಗಿ ಅಲ್ಲಿಗೇ. ಕಾಲೇಜುಗಳ ರ‍್ಯಾಂಕಿಂಗ್ ಪಟ್ಟಿ ನೋಡಿ ನಿರ್ಧಾರ ಮಾಡುವವರು ಆ ಪಟ್ಟಿ ಯಾವ ಕೆಲಸಕ್ಕೆ ಉತ್ತರ ಕೊಡುತ್ತಿದೆ ಅಂತ ಕೇಳುವುದಿಲ್ಲ. ಹಾವೇರಿ ಕೋರ್ಟಿನಲ್ಲಿ ನಿಲ್ಲುವವಳಿಗೆ ಯಾವ ಕಾಲೇಜು ಒಳ್ಳೆಯದು ಅನ್ನುವ ರ‍್ಯಾಂಕಿಂಗ್ ಯಾರೂ ಮಾಡಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಯಾವ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿದರೂ ವಕೀಲಿ ಮಾಡಲು ಸಿಗುವ ಸನದು ಮಾತ್ರ ಒಂದೇ.

ಆಶ್ಚರ್ಯ ಅಂದರೆ, ನನ್ನ ಈ ಮಾತಿಗೆ ಎದುರು ನಿಂತವರು ಆ ಹಿರಿಯ ವಕೀಲರೇ. ಅವರು ಹುಬ್ಬಳ್ಳಿಗೆ ಹೋಗು ಅನ್ನುತ್ತಾರೆ ಅಂದುಕೊಂಡಿದ್ದೆ.

"ನೋಡವಾ, ಕನ್ನಡ ನಿನಗ ಈಗ ಐತಿ. ನಿನಗ ಇಲ್ಲದ್ದು ಇಂಗ್ಲಿಷ್. ಹೈಕೋರ್ಟಿನ ಭಾಷಾ ಅದು. ತೀರ್ಪು ಅದರಾಗ, ಅಪೀಲು ಅದರಾಗ. ನಾ ಮೂವತ್ತು ವರ್ಷ ವಕೀಲಿ ಮಾಡೀನಿ. ಒಂದೊಂದು ಒಳ್ಳೇ ಕೇಸು ಅಪೀಲಿಗೆ ಹೋದಾಗ ಬ್ಯಾರೆಯವರ ಕೈಯಾಗ ಕೊಟ್ಟು ಬಂದೀನಿ. ನೀ ಹಂಗ ಆಗಬ್ಯಾಡ. ತಿರುಚ್ಚಿಗೆ ಹೋಗು."

ಸಂವಿಧಾನದ 348ನೇ ವಿಧಿಯ ಪ್ರಕಾರ ನಮ್ಮ ಹೈಕೋರ್ಟಿನ ಕೆಲಸ ಇಂಗ್ಲಿಷ್‌ನಲ್ಲೇ. ಅವರು ಹೇಳಿದ್ದು ಪೂರ್ತಿ ನಿಜ. ಅದಕ್ಕೆ ನನ್ನ ಹತ್ತಿರ ಅವತ್ತು ಉತ್ತರ ಇರಲಿಲ್ಲ. ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅಪ್ಪ ಬೇರೆ ಕಪಾಟಿನಿಂದ ಮನೆಯ ಉತಾರ (ಆಸ್ತಿಯ ದಾಖಲೆ) ತೆಗೆದು ಮೇಜಿನ ಮೇಲೆ ಇಟ್ಟಿದ್ದರು. "ಇದನ್ನ ಇಡೋಣು. ನಿನ್ನ ಓದಿಗಿಂತ ಇದು ದೊಡ್ಡದೇನಲ್ಲ" ಅಂದರು. ಅಜ್ಜ ಕಟ್ಟಿಸಿದ ಮನೆ ಅದು. ತಮ್ಮನಿಗೆ ಮುಂದೆ ಡಿಪ್ಲೊಮಾ ಮಾಡುವ ಆಸೆ. ಅವನು ಪಕ್ಕದಲ್ಲೇ ನಿಂತಿದ್ದ, ಏನೂ ಅನ್ನಲಿಲ್ಲ. ಅವ್ವ ಮಾತ್ರ ಅಡುಗೆಮನೆಯಿಂದ, "ಆಕಿಗೆ ಏನ್ ಅನಸ್ತೈತೋ ಕೇಳ್ರಿ ಮೊದಲ" ಅಂದಳು.

ಮರುದಿನ ನಾನು ರೈಲು ಹಿಡಿದು ಹುಬ್ಬಳ್ಳಿಗೆ ಹೋದೆ. ಅಲ್ಲಿಂದ ಚಿಗರಿ ಬಸ್ಸಿನಲ್ಲಿ ನವನಗರ. ಯಾರ ಪರಿಚಯವೂ ಇರಲಿಲ್ಲ. ಗ್ರಂಥಾಲಯದ ಹೊರಗೆ ಕೂತಿದ್ದ ಕೊನೆಯ ವರ್ಷದ ಹುಡುಗಿಯರನ್ನು ಮಾತಾಡಿಸಿದೆ. ಕಾಲೇಜು ಹೇಗಿದೆ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ನೀವು ಬರೆದ ಒಂದು ಮೂಟ್ ಮೆಮೋರಿಯಲ್ (ಅಣಕು ಕೋರ್ಟಿನ ಲಿಖಿತ ವಾದ) ತೋರಿಸ್ತೀರಾ ಅಂದೆ. ಒಬ್ಬರು ಲ್ಯಾಪ್‌ಟಾಪ್ ತೆಗೆದು ತೋರಿಸಿದರು. ಇಂಗ್ಲಿಷ್ ಅಚ್ಚುಕಟ್ಟಾಗಿತ್ತು. ಅವರು ಬಾಗಲಕೋಟೆ ಜಿಲ್ಲೆಯ ಹಳ್ಳಿಯವರು, ಹತ್ತನೇ ತನಕ ನನ್ನಂತೆಯೇ ಕನ್ನಡ ಮಾಧ್ಯಮ. ಇದನ್ನು ಇಲ್ಲೇ ಕಲಿತಿರಾ ಅಂದೆ. "ಇಲ್ಲೇ. ಆದರ ಯಾರೂ ಕುಂಡ್ರಿಸಿ ಕಲಿಸಂಗಿಲ್ಲ. ನಾವ ಬೆನ್ನು ಹತ್ತಬೇಕು. ದಿನಾ ಒಂದು ತೀರ್ಪು ಓದು, ಮುಂದಿನ ಮಾತು ಆಮ್ಯಾಲೆ" ಅಂದರು. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅವರು ರಜೆಯಲ್ಲಿ ಅಲ್ಲಿನ ವಕೀಲರೊಬ್ಬರ ಹತ್ತಿರ ಇಂಟರ್ನ್‌ಶಿಪ್ ಮಾಡಿದ್ದರು. ಅಂದರೆ ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಹುಬ್ಬಳ್ಳಿಯ ಕನ್ನಡದ ವಿಚಾರಣಾ ಕೋರ್ಟು, ಇನ್ನೊಂದು ಕಡೆ ಇಂಗ್ಲಿಷಿನ ಹೈಕೋರ್ಟು. ಹಿರಿಯ ವಕೀಲರ ಮಾತಿಗೆ ಉತ್ತರ ನನಗೆ ಅಲ್ಲಿ ಸಿಕ್ಕಿತು. ನನಗೆ ಇಲ್ಲದ ಇಂಗ್ಲಿಷ್ ಅನ್ನು ಸಾಲ ಇಲ್ಲದೆಯೂ ಕಲಿಯಬಹುದು, ಆದರೆ ಅದು ಪೂರ್ತಿ ನನ್ನ ಮೇಲೆಯೇ ಬೀಳುತ್ತದೆ.

ಇಲ್ಲಿನ ಫೀ ತಿರುಚ್ಚಿಯ ಅರ್ಧಕ್ಕಿಂತಲೂ ಕಡಿಮೆ. ಸಾಲ ಬೇಕಾಗಲಿಲ್ಲ. ಆದರೆ ಒಂದು ತೊಡಕಿತ್ತು. ತಿರುಚ್ಚಿಯ ಸೀಟಿಗೆ ಉತ್ತರ ಕೊಡುವ ಕೊನೆಯ ದಿನ ಬಂದಿತ್ತು, ಹುಬ್ಬಳ್ಳಿಯ ಆಯ್ಕೆ ಪಟ್ಟಿ ಇನ್ನೂ ಬಂದಿರಲಿಲ್ಲ. ಅಲ್ಲಿ ಪಿಯುಸಿ ಅಂಕದ ಮೇಲೆ ಪ್ರವೇಶ. ನನ್ನ ಅಂಕ ಚೆನ್ನಾಗಿತ್ತು, 3ಬಿ ಪ್ರಮಾಣಪತ್ರವೂ ಇಲ್ಲಿ ನಡೆಯುತ್ತದೆ. ಹಿಂದಿನ ವರ್ಷ ಯಾವ ಅಂಕಕ್ಕೆ ಪಟ್ಟಿ ನಿಂತಿತ್ತು ಅಂತ ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬಂದಿದ್ದೆ. ಅದನ್ನು ಅಪ್ಪನಿಗೆ ತೋರಿಸಿದೆ. ಅವರು ನನ್ನ ಅಂಕದ ಪಕ್ಕ ಆ ಅಂಕ ಬರೆದು, ಕಳೆದು, ಅಡಿಗೆರೆ ಹಾಕಿದರು. ಆಮೇಲೆ ಉತಾರ ಎತ್ತಿ ಕಪಾಟಿನೊಳಗೆ ಇಟ್ಟರು. ನಾನು ಎಕ್ಸಿಟ್ ಒತ್ತಿದೆ.

ಪಟ್ಟಿ ಬಂದು, ಹೆಸರು ನೋಡುವ ತನಕದ ದಿನಗಳು ಕಷ್ಟದ್ದೇ. ಎಲ್ಲರೂ ಹೀಗೆ ಮಾಡಿ ಅಂತ ನಾನು ಹೇಳುವುದಿಲ್ಲ. ಅಂಕ ಅಂಚಿನಲ್ಲಿದ್ದರೆ ಕೈಯಲ್ಲಿದ್ದ ಸೀಟು ಬಿಡಬೇಡಿ.

ಈಗ ಮೊದಲ ವರ್ಷ ಮುಗಿಯುತ್ತಾ ಬಂದಿದೆ. ಕಳೆದುಕೊಂಡದ್ದು ಇದೆ. ತಿರುಚ್ಚಿಯಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಮಕ್ಕಳ ಜೊತೆ ಕೂತು ವಾದ ಮಾಡುವ ಅವಕಾಶ ಇತ್ತು, ಅದು ಇಲ್ಲಿ ಅಷ್ಟು ಇಲ್ಲ. ಮೊದಲ ವರ್ಷ ಕಾನೂನಿಗಿಂತ ಬಿ.ಎ. ವಿಷಯಗಳೇ ಜಾಸ್ತಿ ಇರುತ್ತವೆ, ಹಾಗಾಗಿ ಸೋಮಾರಿತನ ಬರುವುದು ಸುಲಭ. ನಮ್ಮ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಉತ್ತರವನ್ನು ಪೂರ್ತಿ ಇಂಗ್ಲಿಷ್‌ನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಿರಿ ಅಂತ ಪ್ರಶ್ನೆಪತ್ರಿಕೆಯ ಮೇಲೆಯೇ ಇರುತ್ತದೆ. ಕನ್ನಡದಲ್ಲಿ ಬರೆದು ಒಳ್ಳೆಯ ವಕೀಲರಾದವರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ, ಆ ಅವಕಾಶ ಇರಲೇಬೇಕು. ನಾನು ಮಾತ್ರ ಇಂಗ್ಲಿಷ್‌ನಲ್ಲೇ ಬರೆಯುತ್ತೇನೆ. ಹಿರಿಯ ವಕೀಲರ ಮಾತು ಹಾಗೆ ಉಳಿದಿದೆ. ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರ ಬರುತ್ತದೆ. ಬೆಳಿಗ್ಗೆ ತರಗತಿ ಇಲ್ಲದಿದ್ದರೆ ಅದನ್ನು ಹಾಕಿಕೊಂಡು, ವಕೀಲರು ಹೇಳಿದ ತೀರ್ಪಿನ ಹೆಸರು ಬರೆದಿಟ್ಟುಕೊಂಡು, ಸಂಜೆ ಹುಡುಕಿ ಓದುತ್ತೇನೆ.

ನನ್ನ ಜೊತೆ ಕ್ಲಾಟ್ ಬರೆದ ರಾಣೆಬೆನ್ನೂರಿನ ಗೆಳತಿಗೆ ಬೇರೆ ರಾಜ್ಯದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಸಿಕ್ಕಿತ್ತು. ಅವಳಿಗೆ ಮೊದಲಿಂದ ಕಂಪನಿ ಕಾನೂನಿನ ಮೇಲೆ ಮನಸ್ಸು. ಸಾಲ ಮಾಡಿ ಹೋದಳು, ಸರಿಯಾಗೇ ಮಾಡಿದಳು. ಈಗ ಅವಳ ಕಾಲೇಜಿನ ಮೂಟ್ ಸಮಸ್ಯೆಗಳನ್ನು ನನಗೆ ಕಳಿಸುತ್ತಾಳೆ. ನಾನು ಅದಕ್ಕೆ ನನ್ನ ಪಕ್ಷದ ವಾದ ಬರೆದು ವಾಪಸ್ ಕಳಿಸುತ್ತೇನೆ. ಅವಳು ಕೆಂಪು ಬಣ್ಣದಲ್ಲಿ ತಿದ್ದುತ್ತಾಳೆ. ಬರುವ ರಜೆಯಲ್ಲಿ ನನ್ನ ಇಂಟರ್ನ್‌ಶಿಪ್ ಬ್ಯಾಡಗಿಯ ಆ ಹಿರಿಯ ವಕೀಲರ ಆಫೀಸಿನಲ್ಲಿ. ಪಾಲಿನ ದಾವೆಯ ತೀರ್ಪು ಬಂದಿದೆಯಂತೆ, ಎದುರಿನವರು ಅಪೀಲು ಹಾಕಿದ್ದಾರಂತೆ. "ಅದರ ಫೈಲ್ ನಿನಗ ಇಟ್ಟೀನಿ, ಬಂದು ಓದು" ಅಂತ ಫೋನ್ ಮಾಡಿದ್ದರು.